ಅಜ್ಜನ ಎರಡನೆಯ ಊಟ

ಊಟಬಲ್ಲವನಿಗೆ ರೋಗವಿಲ್ಲ, ಮಾತುಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮಲ್ಲೊಂದು ಗಾದೆ ಇದೆ. ಚಿಕ್ಕಂದಿನಿಂದ ಕೇಳಿಕೊಂಡು ಬಂದದ್ದು. ಆದರೆ ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಈ ಗಾದೆ ತಿರುಗುಮುರುಗಾಯಿತು. ಊಟದಲ್ಲೇ ರೋಗ ಕಾಣಿಸಿಕೊಂಡಿತು; ಆ ಊಟದ ಮಾತಿನಿಂದಲೇ ಜಗಳವೂ ಹುಟ್ಟಿತು. ಅದನ್ನು ಹೇಳಿಕೊಳ್ಳಲು ಮೊದಮೊದಲು ನಮಗೆ ನಾಚಿಕೆಯಿತ್ತು. ಈಗ ಇಲ್ಲ. ನಮ್ಮಂತೆಯೇ ಊರಿನಿಂದ ಹಿರಿಯರನ್ನು ಕರೆತಂದು ಇಟ್ಟುಕೊಂಡ ಮನೆಗಳು ಈ ಪತ್ರಿಕೆಯ ವಾಚಕರಲ್ಲಿ ಬೇಕಾದಷ್ಟಿವೆ. ಬರೆದರೆ ಒಬ್ಬರಿಗಾದರೂ ಉಪಯೋಗವಾದೀತು ಎಂದು ಧೈರ್ಯ ಮಾಡಿದ್ದೇವೆ.

ನಾವು ಧಾರವಾಡದ ಕಡೆಯವರು. ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷಗಳಾದವು. ನಾವಿಬ್ಬರೂ ನೌಕರಿಗೆ ಹೋಗುವವರು. ಮುಂಜಾನೆಯ ಲೋಕಲ್ ಹಿಡಿದರೆ ಮನೆ ಸೇರುವುದು ದೀಪ ಹಚ್ಚಿದ ಮೇಲೆಯೇ. ಮಗಳು ಕಾಲೇಜಿನಲ್ಲಿ ಜೀವಶಾಸ್ತ್ರ ಓದುತ್ತಾಳೆ, ಮಗ ಒಂಬತ್ತನೆಯ ಇಯತ್ತೆ. ಮಕ್ಕಳ ಅಜ್ಜನನ್ನು ನಾವೂ ಅಜ್ಜ ಎಂದೇ ಕರೆಯುವುದು ರೂಢಿಯಾಗಿಬಿಟ್ಟಿದೆ. ಅಜ್ಜ ಹಳ್ಳಿಯ ಶಾಲೆಯಲ್ಲಿ ಮಾಸ್ತರರಾಗಿದ್ದವರು. ಅಜ್ಜಿ ತೀರಿಕೊಂಡ ಮೇಲೆ, ಅಷ್ಟು ದೊಡ್ಡ ಮನೆಯಲ್ಲಿ ಒಬ್ಬರೇ ಇರುವುದು ಬೇಡವೆಂದು ನಾವೇ ಹಟ ಮಾಡಿ ಕರೆತಂದೆವು. ಇಲ್ಲಿ ಅವರಿಗೆ ಅಂಗಳವಿಲ್ಲ, ಕಟ್ಟೆಯಿಲ್ಲ. ಇದ್ದದ್ದು ಒಂದು ಬಾಲ್ಕನಿ, ಎದುರುಮನೆಯ ಮರಾಠಿ ಆಜಿ, ಮತ್ತು ಹೊತ್ತುಹೊತ್ತಿನ ಊಟ. ಊಟವೆಂದರೆ ಅವರದು ಮಾಸ್ತರಿಕೆಯ ಶಿಸ್ತು. ಎರಡು ಜೋಳದ ರೊಟ್ಟಿ, ಪಲ್ಲೆ, ಶೇಂಗಾ ಹಿಂಡಿ, ಒಂದು ಹಿಡಿ ಅನ್ನ, ಕೊನೆಗೆ ಮಜ್ಜಿಗೆ. ಆಮೇಲೆ ಎಲೆಯಡಿಕೆ. ಅದರ ಮೇಲೆ ಒಂದು ಕಾಳೂ ಮುಟ್ಟಿದವರಲ್ಲ.

ಅಂಥ ಅಜ್ಜ ಒಂದು ದಿನ ಎದುರುಮನೆಯ ಆಜಿಯ ಮುಂದೆ, "ಮುಂಜಾನಿಂದ ಹೊಟ್ಟ್ಯಾಗ ಒಂದು ತುತ್ತು ಬಿದ್ದಿಲ್ಲ" ಎಂದರಂತೆ. ಅಜ್ಜನಿಗೆ ಮರಾಠಿ ಚೆನ್ನಾಗಿ ಬರುತ್ತದೆ. ಆಜಿಗೆ ಅನುಮಾನಕ್ಕೆ ಎಡೆಯಿಲ್ಲದಂತೆ ತಿಳಿಯಿತು. ಆಕೆ ವರಣ-ಭಾತ ಕಲಸಿ, ಮೇಲೊಂದು ತಾಟು ಮುಚ್ಚಿಕೊಂಡು ಬಂದು, ಮುಂದೆ ಕೂತು ಉಣಿಸಿ ಹೋದಳು. ಸಂಜೆ ನಾವು ಮೆಟ್ಟಿಲು ಹತ್ತುವಾಗ ನಮ್ಮನ್ನು ನಿಲ್ಲಿಸಿ, ಬಲು ಮೆಲ್ಲಗೆ, "ವಯಸ್ಸಾದವರು, ಹೊತ್ತಿಗೆ ಸರಿಯಾಗಿ ಹಾಕಿ ಹೋಗಬೇಕು" ಎಂದಳು. ಅವಳ ದನಿಯಲ್ಲಿ ಬೈಗಳಿರಲಿಲ್ಲ. ಅದೇ ಹೆಚ್ಚು ಚುಚ್ಚಿತು. ಮನೆಗೆ ಬಂದು ನೋಡಿದರೆ ನಾವು ಮುಚ್ಚಿಟ್ಟು ಹೋಗಿದ್ದ ರೊಟ್ಟಿ ಪಲ್ಲೆ ಪೂರ್ತಿ ಖಾಲಿ, ತಾಟು ತೊಳೆದು ಬೋರಲು ಹಾಕಿದೆ. ಅಜ್ಜ ಉಂಡಿದ್ದರು, ತಾವೇ ತಾಟು ತೊಳೆದಿದ್ದರು. ಆ ರಾತ್ರಿ ನಮ್ಮಲ್ಲೊಬ್ಬರು ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಅತ್ತದ್ದುಂಟು, ಯಾರೆಂದು ಹೇಳುವುದಿಲ್ಲ.

ಅಲ್ಲಿಂದ ಶುರುವಾಯಿತು ವಾದ. "ಅಜ್ಜ, ಈಗಷ್ಟೇ ಉಂಡಿರಲ್ಲ?" ಎಂದರೆ, "ಯಾವಾಗ ಉಂಡೆ? ಸುಳ್ಳು ಹೇಳಬ್ಯಾಡ್ರಿ" ಎನ್ನುವರು. ನಾವು ಕೋರ್ಟಿನಲ್ಲಿ ಸಾಕ್ಷಿ ಹಾಜರುಪಡಿಸುವವರಂತೆ ಎಂಜಲ ತಾಟು, ಖಾಲಿ ಡಬ್ಬಿ ತೋರಿಸುವುದು. ಅವರು, "ಅದು ನಿಮ್ಮದು" ಎಂದು ಮುಖ ತಿರುಗಿಸುವುದು. ಒಂದು ಭಾನುವಾರ ನಮ್ಮ ಪಂಕ್ತಿಯಲ್ಲೇ ಹೊಟ್ಟೆತುಂಬ ಉಂಡರು. ಹದಿನೈದು ನಿಮಿಷಕ್ಕೆ ಠಾಣೆಯಿಂದ ನೆಂಟರು ಬಂದರು. ಅವರಿಗೆ ಬಡಿಸಿದರೆ ಅಜ್ಜನೂ ಮಣೆ ಎಳೆದುಕೊಂಡು ಕೂತು ಮತ್ತೊಂದು ಊಟ ಪೂರೈಸಿದರು. ರಾತ್ರಿಯಿಡೀ ವಾಂತಿ. ಮರುದಿನ ಡಾಕ್ಟರರಲ್ಲಿಗೆ ಓಡಿದೆವು.

ಡಾಕ್ಟರು ತಪಾಸಣೆಗಳನ್ನೆಲ್ಲ ಮಾಡಿಸಿ, ಇದು ಮರೆವಿನ ಕಾಯಿಲೆ ಎಂದರು. ನಾವು ಊಟದ ಪುರಾಣ ಬಿಚ್ಚಿದೆವು. ನಮ್ಮ ಮಾನದ ಪ್ರಶ್ನೆಯನ್ನೂ ಸೇರಿಸಿದೆವೆನ್ನಿ. ಅವರು ಕೇಳಿ ಮುಗಿಸಿ ಹೇಳಿದ್ದು ಎರಡೇ ಮಾತು: "ಅವರು ಸುಳ್ಳು ಹೇಳುತ್ತಿಲ್ಲ. ಅವರ ಮಟ್ಟಿಗೆ ಆ ಊಟ ನಡೆದೇ ಇಲ್ಲ."

ಊಟ ಹೊಟ್ಟೆಯಲ್ಲಿರುವಾಗ ಅದು ನಡೆದಿಲ್ಲವೆಂದರೆ ಹೇಗೆ? ಹಸಿವು ಹೊಟ್ಟೆಯದಲ್ಲವೇ? ಈ ಪ್ರಶ್ನೆಯನ್ನು ನಾವು ಮಗಳ ಮುಂದೆ ಇಟ್ಟೆವು. ಆಮೇಲಿನ ಎಷ್ಟೋ ಭಾನುವಾರಗಳು ಆ ಓದಿನಲ್ಲೇ ಕಳೆದವು. ಅವಳು ಓದಿ ಹೇಳಿದ್ದನ್ನು, ನಾವು ತಿಳಿದುಕೊಂಡಷ್ಟನ್ನು, ಇಲ್ಲಿ ಹೇಳುತ್ತೇವೆ.

ಹಸಿವು ಹೊಟ್ಟೆಯದೇ ಎಂದು ಒಂದು ಕಾಲಕ್ಕೆ ವಿಜ್ಞಾನಿಗಳೂ ನಂಬಿದ್ದರು. 1912ರಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ಎಂಬವರ ಶಿಷ್ಯ ವಾಷ್‌ಬರ್ನ್ ಒಂದು ರಬ್ಬರ್ ಬಲೂನನ್ನು ನುಂಗಿ ಕೂತ. ಜಠರ ಹಿಂಡಿಕೊಂಡಾಗಲೆಲ್ಲ ಬಲೂನಿನ ಗಾಳಿ ಒತ್ತಿ ಗೆರೆ ಬರೆಯುವ ಏರ್ಪಾಟು. ಹಸಿವಾಯಿತೆಂದು ಅವನು ಹೇಳಿದ ಹೊತ್ತಿಗೂ ಜಠರ ಹಿಂಡಿದ ಹೊತ್ತಿಗೂ ತಾಳೆಯಾಯಿತು. ಸರಿ, ಹಸಿವೆಂದರೆ ಇದೇ ಎಂದುಕೊಂಡರು. ಆದರೆ ಕಾಯಿಲೆಗಾಗಿ ಜಠರವನ್ನೇ ಕತ್ತರಿಸಿ ತೆಗೆದ ರೋಗಿಗಳಿಗೂ ಹಸಿವಾಗುತ್ತಿತ್ತು! ಅಂದಮೇಲೆ ಯಜಮಾನ ಬೇರೆ ಎಲ್ಲಿಯೋ ಇರಬೇಕು.

ಆ ಯಜಮಾನನ ಮನೆಯನ್ನು ತೋರಿಸಿದವರಲ್ಲಿ ನಮ್ಮ ದೇಶದವರೊಬ್ಬರಿದ್ದಾರೆಂದು ತಿಳಿದಾಗ ನಮಗೆ ಹೆಮ್ಮೆಯಾಯಿತು. ಮೆದುಳಿನ ಬುಡದಲ್ಲಿ ಹೈಪೊಥಲಮಸ್ ಎಂಬ ಭಾಗವಿದೆ. ಗಾತ್ರ ಒಂದು ಬಾದಾಮಿಯಷ್ಟು. ಇದರ ನಡುಭಾಗಕ್ಕೆ ಪೆಟ್ಟಾದ ಇಲಿಗಳು ತಿಂದು ತಿಂದು ಊದಿಕೊಳ್ಳುವುದನ್ನು 1940ರಲ್ಲೇ ಕಂಡಿದ್ದರು. 1951ರಲ್ಲಿ ಬಿ. ಕೆ. ಆನಂದ್ ಎಂಬವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಜಾನ್ ಬ್ರೊಬೆಕ್ ಅವರೊಡನೆ ಕೆಲಸ ಮಾಡುತ್ತಿದ್ದಾಗ, ಅದೇ ಬಾದಾಮಿಯ ಎರಡು ಪಕ್ಕಗಳಲ್ಲಿ ಒಂದು ಚಿಕ್ಕ ಜಾಗಕ್ಕೆ ಪೆಟ್ಟು ಕೊಟ್ಟರೆ ಇಲಿ ತಿನ್ನುವುದನ್ನೇ ಬಿಟ್ಟುಬಿಡುತ್ತದೆ ಎಂದು ತೋರಿಸಿದರು. ಮುಂದೆ ರಾಶಿ ಕಾಳಿದ್ದರೂ ಉಪವಾಸ ಸಾಯುತ್ತದೆ. ಆನಂದರು ಮುಂದೆ ದಿಲ್ಲಿಗೆ ಬಂದು, 1956ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಶರೀರಕ್ರಿಯಾ ವಿಭಾಗವನ್ನು ಕಟ್ಟಿದರು. ದಿಲ್ಲಿಯ ಕನ್ನಡ ಬಂಧುಗಳು ಆ ಆಸ್ಪತ್ರೆಯ ಮುಂದೆ ಹಾದುಹೋಗುವಾಗ ಇದನ್ನೊಮ್ಮೆ ನೆನೆಯಬಹುದು.

ಈಗ ತಿಳಿದಿರುವ ಪ್ರಕಾರ ಕಥೆ ಇನ್ನೂ ಸೂಕ್ಷ್ಮವಾಗಿದೆ. ಆ ಬಾದಾಮಿಯ ಕೆಳಭಾಗದಲ್ಲಿ ನರಕೋಶಗಳ ಎರಡು ಗುಂಪುಗಳು ಅಕ್ಕಪಕ್ಕದಲ್ಲಿವೆ. ಒಂದು ಗುಂಪು "ಉಣ್ಣು, ಉಣ್ಣು" ಎನ್ನುವಂಥದು. ಅದು ನ್ಯೂರೊಪೆಪ್ಟೈಡ್ ವೈ ಮುಂತಾದ ರಾಸಾಯನಿಕಗಳನ್ನು ಸುರಿಸುತ್ತದೆ. ಇನ್ನೊಂದು "ಸಾಕು" ಎನ್ನುವಂಥದು; ಅದರದು ಮೆಲನೊಕಾರ್ಟಿನ್ ಎಂಬ ಜಾತಿಯ ರಾಸಾಯನಿಕ. ಉಣ್ಣು ಎನ್ನುವವರು ಸಾಕು ಎನ್ನುವವರ ಬಾಯಿಯನ್ನೂ ಮುಚ್ಚಿಸಬಲ್ಲರು. ನಮ್ಮ ಮದುವೆಯ ಮನೆಗಳಲ್ಲಿ ಬಡಿಸುವವರಿಗೂ ಎಲೆಗೆ ಕೈ ಅಡ್ಡ ಹಿಡಿಯುವವರಿಗೂ ನಡೆಯುವ ಒತ್ತಾಯವನ್ನು ನೆನಪು ಮಾಡಿಕೊಂಡರೆ ಸರಿಯಾಗಿ ಅರ್ಥವಾಗುತ್ತದೆ.

ಈ ಎರಡು ಗುಂಪುಗಳಿಗೂ ಮೈಯೆಲ್ಲದರಿಂದ ಟಪಾಲು ಬರುತ್ತಿರುತ್ತದೆ. ಜಠರ ಬರೆಯುವ ಕಾಗದಕ್ಕೆ ಗ್ರೆಲಿನ್ ಎಂದು ಹೆಸರು. 1999ರಲ್ಲಿ ಜಪಾನಿನವರು ಕಂಡುಹಿಡಿದದ್ದು. ಊಟದ ಹೊತ್ತಾಗುವ ಮುಂಚೆ ಇದು ರಕ್ತದಲ್ಲಿ ಏರುತ್ತದೆ, ಉಂಡಮೇಲೆ ಇಳಿಯುತ್ತದೆ. ಬೆಳಿಗ್ಗೆ ಹಾಲಿನವನು ಗಂಟೆ ಒತ್ತುವಂತೆ, ನಿತ್ಯದ ಹೊತ್ತಿಗೆ ಸರಿಯಾಗಿ ಬರುವ ಅತಿಥಿ ಇದು. ಕರುಳಿನಿಂದ ಬರುವುದು ಸಾಕೆಂಬ ತಂತಿ: ಕೊಲಿಸಿಸ್ಟೊಕೈನಿನ್, ಜಿ.ಎಲ್.ಪಿ.-1 ಮುಂತಾದ ಹೆಸರಿನವು. ತಂತಿಯೂ ತಲುಪಲು ಕೆಲವು ನಿಮಿಷ ಹಿಡಿಯುತ್ತದೆ. ಲೋಕಲ್ ತಪ್ಪೀತೆಂದು ನಿಂತುಕೊಂಡೇ ಗಬಗಬ ತಿನ್ನುವ ನಮ್ಮಂಥವರು ಅದು ಬರುವುದರೊಳಗೆ ಎರಡು ಚಪಾತಿ ಹೆಚ್ಚಿಗೆ ಮುಗಿಸಿರುತ್ತೇವೆ. ಮೂರನೆಯದು ಕೊಬ್ಬಿನಿಂದ ಬರುವ ಲೆಪ್ಟಿನ್. ಇದು ಈ ಹೊತ್ತಿನ ಸುದ್ದಿಯಲ್ಲ, ಬ್ಯಾಂಕಿನ ಪಾಸ್‌ಬುಕ್ಕು. ಮೈಯಲ್ಲಿ ಎಷ್ಟು ಠೇವಣಿ ಇದೆಯೆಂದು ಮೆದುಳಿಗೆ ತಿಳಿಸುತ್ತಿರುತ್ತದೆ. ಠೇವಣಿ ಕರಗಿದರೆ ಮೆದುಳು ಗಾಬರಿಯಿಂದ ಹಸಿವನ್ನು ಹೆಚ್ಚಿಸುತ್ತದೆ.

ಇಷ್ಟೇ ಆಗಿದ್ದರೆ ಮನುಷ್ಯ ಒಂದು ಲೆಕ್ಕದ ಯಂತ್ರವಾಗುತ್ತಿದ್ದ. ಒಗ್ಗರಣೆಯ ವಾಸನೆಗೆ ಅಡಿಗೆಮನೆಯತ್ತ ನಮ್ಮನ್ನು ಎಬ್ಬಿಸಿ ನಡೆಸುವ ಬೇರೊಂದು ರಾಸಾಯನಿಕವಿದೆ, ಡೋಪಮಿನ್. 1995ರಲ್ಲಿ ಅಮೆರಿಕದಲ್ಲಿ ಡೋಪಮಿನ್ ತಯಾರಿಸಲಾರದ ಇಲಿಮರಿಗಳನ್ನು ಹುಟ್ಟಿಸಿ ನೋಡಿದರು. ಆಹಾರ ಪಕ್ಕದಲ್ಲೇ ಇದ್ದರೂ ಅವು ಎದ್ದು ಹೋಗಿ ತಿನ್ನಲಿಲ್ಲ; ಕೆಲವೇ ವಾರಗಳಲ್ಲಿ ಸತ್ತವು. ಔಷಧದ ಮೂಲಕ ಡೋಪಮಿನ್ ಒದಗಿಸಿದಾಗ ತಿಂದು ಬದುಕಿದವು. ಅನ್ನ ಮುಂದಿದ್ದರೆ ಸಾಲದು, ಅದು ಬೇಕು ಎನಿಸಬೇಕು. ಆ ಬೇಕೆಂಬುದೂ ಒಂದು ರಸಾಯನವೇ.

ಇನ್ನು ಅಜ್ಜನ ಪ್ರಶ್ನೆ. ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಎಂಬೊಬ್ಬನಿದ್ದ. ಮೂರ್ಛೆರೋಗ ನಿಲ್ಲಿಸಲು 1953ರಲ್ಲಿ ಅವನ ಮೆದುಳಿನ ಎರಡು ಪಕ್ಕಗಳಿಂದ ಸ್ವಲ್ಪ ಭಾಗ ತೆಗೆದರು. ಅಲ್ಲಿಂದ 2008ರಲ್ಲಿ ಸಾಯುವವರೆಗೂ ಅವನಲ್ಲಿ ಹೊಸ ನೆನಪು ನಿಲ್ಲಲಿಲ್ಲ. ಊಟಕ್ಕೆ ಮುಂಚೆ ಹಸಿವೆಷ್ಟು ಎಂದು ಕೇಳಿದರೂ, ಊಟದ ನಂತರ ಕೇಳಿದರೂ ಅವನ ಉತ್ತರದಲ್ಲಿ ಹೆಚ್ಚು ವ್ಯತ್ಯಾಸವಿರುತ್ತಿರಲಿಲ್ಲ. ಉಂಡು ಮುಗಿಸಿದವನ ಮುಂದೆ ಇನ್ನೊಂದು ತಾಟು ಇಟ್ಟರೆ ಅದನ್ನೂ ಉಣ್ಣುತ್ತಿದ್ದ. 1998ರಲ್ಲಿ ಪಾಲ್ ರೋಜಿನ್ ಮತ್ತು ಸಂಗಡಿಗರು ಹೀಗೆಯೇ ನೆನಪು ಕಳೆದುಕೊಂಡ ಇಬ್ಬರ ಬಗ್ಗೆ ಬರೆದರು. ಉಂಡ ಹತ್ತರಿಂದ ಮೂವತ್ತು ನಿಮಿಷದೊಳಗೆ ಎರಡನೆಯ ಊಟ ಬಡಿಸಿದರೆ ಅದನ್ನೂ ಉಂಡರು. ಮೂರನೆಯದಕ್ಕೂ ಕೈ ಹಾಕಿದರು. ನೆನಪು ಸರಿಯಿದ್ದವರು ಎರಡನೆಯದನ್ನೇ ಬೇಡವೆಂದರು.

ಮಗಳು ಇದನ್ನು ಓದಿ ಹೇಳಿದ ದಿನ ನಾವು ಬಹಳ ಹೊತ್ತು ಮಾತಾಡಲಿಲ್ಲ. ನಮಗೆ ಹೊಟ್ಟೆ ತುಂಬಿತೆನಿಸುವುದು ಹೊಟ್ಟೆ ತುಂಬಿದ್ದರಿಂದ ಮಾತ್ರವಲ್ಲ, ಉಂಡೆವೆಂಬ ನೆನಪಿನಿಂದಲೂ ಹೌದು. ಕರುಳಿನ ತಂತಿ ಅಜ್ಜನ ಮೆದುಳಿಗೆ ತಲುಪುತ್ತಿರಬಹುದು. ಆದರೆ ಅದನ್ನು ಬಲಪಡಿಸುವ ಸಾಕ್ಷಿ, ಆ ರೊಟ್ಟಿಯ ನೆನಪು, ಅಲ್ಲಿ ಇಲ್ಲ. ಇತ್ತ ನಾವು ತಾಟು ತೋರಿಸಿ ವಾದಿಸುತ್ತಿದ್ದೆವು. ಯಾರೊಡನೆ? ಎಪ್ಪತ್ತು ವರ್ಷ ಸುಳ್ಳಾಡದ ಮಾಸ್ತರರಿಗೆ ಮನೆಯವರೆಲ್ಲ ಸೇರಿ ಸುಳ್ಳುಗಾರ ಎಂದಂತಾಗಿತ್ತು. ಅವರ ಕಣ್ಣಿನಿಂದ ನೋಡಿದರೆ, ಹಸಿದ ಮುದುಕನಿಗೆ ಅನ್ನ ಹಾಕದೆ ಎಂಜಲ ತಾಟು ತೋರಿಸುವ ಮನೆ ಇದು. ಅವರು ಸಿಟ್ಟಾಗದೆ ಇನ್ನೇನಾದಾರು?

ಈ ತಿಳುವಳಿಕೆ ಅಜ್ಜನ ತಾಟಿಗೇ ನಿಲ್ಲಲಿಲ್ಲ, ಪಕ್ಕದ ತಾಟಿಗೂ ಬಂತು. ಮಗ ಸ್ವಲ್ಪ ದಪ್ಪ. ಅವನು ಮೂರನೆಯ ಸಲ ಅನ್ನ ಹಾಕಿಸಿಕೊಂಡರೆ "ಹೊಟ್ಟೆಬಾಕ", "ನಾಚಿಕೆಯಿಲ್ಲ" ಎಂಬ ಮಾತು ನಮ್ಮ ಬಾಯಿಂದ ಲೀಲಾಜಾಲವಾಗಿ ಬರುತ್ತಿತ್ತು. ಬಂದ ನೆಂಟರ ಮುಂದೆಯೂ. ಒಂದು ಬೇಸಿಗೆ ರಜೆಯಲ್ಲಿ ಅವನ ಊಟವನ್ನು ಅರ್ಧಕ್ಕಿಳಿಸಿದ್ದೆವು. ಹುಡುಗ ದಿನವಿಡೀ ಟೀವಿಯಲ್ಲಿ ಅಡಿಗೆಯ ಕಾರ್ಯಕ್ರಮಗಳನ್ನೇ ನೋಡುತ್ತ ಕೂತ. ನಮಗೆ ಅದೂ ಆಶೆಬುರುಕತನವಾಗಿಯೇ ಕಂಡಿತು. 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬವರು 36 ಮಂದಿ ಗಟ್ಟಿಮುಟ್ಟಾದ ಯುವಕರನ್ನು, ಅವರ ಒಪ್ಪಿಗೆಯಿಂದಲೇ, ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟಿದ್ದರು. ಅವರಿಗೆ ಊಟದ ಹೊರತು ಬೇರೆ ಯೋಚನೆಯೇ ಇಲ್ಲದಂತಾಗಿ, ಕೆಲವರು ಪಾಕಪುಸ್ತಕಗಳನ್ನು ಕೂಡಿಸತೊಡಗಿದರಂತೆ. ನಮ್ಮ ಮಗ ಅವರಿಗಿಂತ ಬೇರೆಯೇನೂ ಮಾಡಿರಲಿಲ್ಲ.

ನಮ್ಮ ಬಾಯಿ ಕಟ್ಟಿಸಿದ್ದು ಇನ್ನೊಂದು ಕಥೆ. ಇಂಗ್ಲೆಂಡಿನಲ್ಲಿ ನೆಲೆಸಿದ ಪಾಕಿಸ್ತಾನ ಮೂಲದ ಒಂದು ಕುಟುಂಬ; ನಮ್ಮ ಹಾಗೆ ಊರು ಬಿಟ್ಟು ಹೋದವರು. ಅಲ್ಲಿನ ಎಂಟು ವರ್ಷದ ಹುಡುಗಿ 86 ಕಿಲೊ ತೂಗುತ್ತಿದ್ದಳು. ಅವಳ ದಾಯಾದಿ ಎರಡು ವರ್ಷದ ಹುಡುಗ 29 ಕಿಲೊ. ಎಷ್ಟು ಉಂಡರೂ ಆ ಮಕ್ಕಳ ಹಸಿವು ತೀರುತ್ತಿರಲಿಲ್ಲ. ಲೆಪ್ಟಿನ್ ಅನ್ನು ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ಅವರ ತಂಡ 1994ರಲ್ಲಿ ಕಂಡುಹಿಡಿದಿತ್ತು. 1997ರಲ್ಲಿ ಕೇಂಬ್ರಿಜ್‌ನ ವೈದ್ಯರು ಈ ಮಕ್ಕಳ ರಕ್ತ ಪರೀಕ್ಷಿಸಿದರೆ ಅದರಲ್ಲಿ ಲೆಪ್ಟಿನ್ ಇಲ್ಲವೆನ್ನುವಷ್ಟು ಕಡಿಮೆ. ಅಂದರೆ ಪಾಸ್‌ಬುಕ್ಕು ಸದಾ ಸೊನ್ನೆ ತೋರಿಸುತ್ತಿತ್ತು. ಮೈತುಂಬ ಠೇವಣಿಯಿದ್ದರೂ ಆ ಎಳೆಯ ಮೆದುಳುಗಳು ತಾವು ಬರಗಾಲದಲ್ಲಿದ್ದೇವೆಂದೇ ತಿಳಿದಿದ್ದವು. ಒಂಬತ್ತನೆಯ ವರ್ಷದಲ್ಲಿ 94 ಕಿಲೊ ದಾಟಿದ್ದ ಹುಡುಗಿಗೆ ದಿನವೂ ಲೆಪ್ಟಿನ್ ಚುಚ್ಚುಮದ್ದು ಶುರುಮಾಡಿದರು. ಹಸಿವು ತಣಿಯಿತು. ಒಂದು ವರ್ಷದಲ್ಲಿ 16 ಕಿಲೊಗಿಂತ ಹೆಚ್ಚು ಇಳಿದಳು. ಅವಳ ಗುಣ ಬದಲಾಗಿರಲಿಲ್ಲ, ಸಂಕಲ್ಪಬಲ ಬಂದಿರಲಿಲ್ಲ. ಬಂದದ್ದು ಒಂದು ರಾಸಾಯನಿಕ.

ಇದು ಬಲು ಅಪರೂಪದ ದೋಷ, ನಮ್ಮ ಮಗನಿಗೆ ಅದೇನೂ ಇಲ್ಲ. ಸಾಮಾನ್ಯವಾಗಿ ದಪ್ಪಗಿರುವವರಲ್ಲಿ ಲೆಪ್ಟಿನ್ ಬೇಕಾದಷ್ಟಿರುತ್ತದೆ. ಮೆದುಳು ಅದಕ್ಕೆ ಸರಿಯಾಗಿ ಕಿವಿಗೊಡುವುದಿಲ್ಲ, ಅಷ್ಟೆ. ಈಚೆಗೆ ಜಿ.ಎಲ್.ಪಿ.-1ರಂತೆಯೇ ಕೆಲಸ ಮಾಡುವ ಚುಚ್ಚುಮದ್ದುಗಳೂ ಬಂದಿವೆ. ತೆಗೆದುಕೊಂಡವರಲ್ಲಿ ಹಲವರು, ತಲೆಯೊಳಗಿನ ಊಟದ ಗದ್ದಲವೇ ನಿಂತಿತು ಎನ್ನುತ್ತಾರೆ. ಹಾಗೆಂದು ಮದ್ದಿನೊಡನೆ ಆಟವಾಡಬಾರದು. ಫೆನ್‌ಫ್ಲುರಮಿನ್ ಎಂಬ ಹಸಿವಿಳಿಸುವ ಗುಳಿಗೆ ಹೃದಯದ ಕವಾಟಗಳನ್ನು ಕೆಡಿಸುತ್ತದೆಂದು 1997ರಲ್ಲಿ ಅಮೆರಿಕದ ಪೇಟೆಯಿಂದ ಹಿಂದಕ್ಕೆ ತೆಗೆದುಕೊಂಡರು. ನಮ್ಮ ಮಟ್ಟಿಗೆ ನಾವು ಮಾಡಿದ್ದು ಸಣ್ಣದು: ಊಟದ ಹೊತ್ತಿನಲ್ಲಿ ಮಗನನ್ನು ಹೀಯಾಳಿಸುವುದನ್ನು ಬಿಟ್ಟೆವು, ಫರಸಾಣದ ಡಬ್ಬಿಯನ್ನು ಮನೆಗೆ ತರುವುದನ್ನು ಬಿಟ್ಟೆವು, ಸಂಜೆ ಅವನ ಜೊತೆ ನಾವೂ ನಡೆಯತೊಡಗಿದೆವು. ಅವನು ತೆಳ್ಳಗಾಗಿದ್ದಾನೆಂದು ಹೇಳಲಾರೆವು. ಆದರೆ ಈಗ ಬಾಗಿಲ ಹಿಂದೆ ಕದ್ದು ತಿನ್ನುವುದಿಲ್ಲ. ನಮ್ಮ ಜೊತೆಯಲ್ಲಿ ಕೂತು ಉಣ್ಣುತ್ತಾನೆ.

ಅಜ್ಜನಿಗಾಗಿ ಮನೆಯ ಕ್ರಮವನ್ನೇ ಬದಲಿಸಿದೆವು. ಮೊದಲನೆಯದಾಗಿ, ವಾದ ಬಂದ್. "ಊಟ ಹಾಕ್ರಿ" ಎಂದರೆ "ಉಂಡಿರಲ್ಲ" ಎನ್ನುವುದಿಲ್ಲ. "ಹೂಂ ಅಜ್ಜ, ರೊಟ್ಟಿ ಬಡಿಯಾಕ ಹತ್ತೇವಿ, ಅಲ್ಲೀತನ ಇಷ್ಟು ಮಜ್ಜಿಗಿ ಕುಡೀರಿ" ಎನ್ನುತ್ತೇವೆ. ಎರಡನೆಯದಾಗಿ, ಅವರ ಒಂದು ಊಟವನ್ನು ಮೂರು ಸಣ್ಣ ಊಟ ಮಾಡಿದೆವು. ಕೇಳಿದಾಗ ಕೊಡಲು ಏನಾದರೂ ಉಳಿದಿರುತ್ತದೆ. ಮಧ್ಯಾಹ್ನ ಜೊತೆಗಿರಲು ಒಬ್ಬ ಬಾಯಿಯನ್ನು ಗೊತ್ತುಮಾಡಿದೆವು. ಮೂರನೆಯದು ಮಗಳ ಉಪಾಯ. ಅಜ್ಜ ಊಟವನ್ನು ಮರೆತರೂ ಎಲೆಯಡಿಕೆಯ ರೂಢಿಯನ್ನು ಮರೆತಿರಲಿಲ್ಲ. ಈಗ ಊಟ ಮುಗಿದ ಕೂಡಲೆ ಸುಣ್ಣ ಸವರಿದ ಎಲೆ, ಒಂದು ಚೂರು ಅಡಿಕೆ ಅವರ ಕೈಯಲ್ಲಿಡುತ್ತೇವೆ. ಬಾಯಿ ಕೆಂಪಗಿರುವಷ್ಟು ಹೊತ್ತು ಬಹುಮಟ್ಟಿಗೆ ಅವರು ಊಟ ಕೇಳುವುದಿಲ್ಲ. ತಲೆ ಮರೆತದ್ದನ್ನು ಬಾಯಿ ನೆನಪಿಟ್ಟುಕೊಂಡಿದೆಯೇನೋ. ಅಡಿಕೆ ಒಳ್ಳೆಯದಲ್ಲವೆಂದು ಡಾಕ್ಟರು ಹೇಳಿದ್ದು ನಿಜ, ಆದ್ದರಿಂದ ಈಚೆಗೆ ಅಡಿಕೆಯ ಬದಲು ಒಂದೆರಡು ಲವಂಗ, ಸೋಪಿನ ಕಾಳು ಹಾಕುತ್ತಿದ್ದೇವೆ. ಅಜ್ಜ ಒಮ್ಮೆ ನಮ್ಮ ಮುಖ ನೋಡಿದರು, ಏನೂ ಅನ್ನಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಎದುರುಮನೆಯ ಬಾಗಿಲು ಬಡಿಯುವುದು. ಒಂದು ಸಂಜೆ ಇಬ್ಬರೂ ಹೋಗಿ ಆಜಿಯ ಮುಂದೆ ಕೂತು ಕಾಯಿಲೆಯನ್ನೂ ಅದರ ಹೆಸರನ್ನೂ ಹೇಳಿದೆವು. ಮನೆಯ ಗುಟ್ಟು ಹೊರಗೆ ಹೋಯಿತೆಂದು ಅಂಜಿದ್ದೆವು. ಆಜಿ ಸೆರಗಿನಿಂದ ಕಣ್ಣೊರೆಸಿಕೊಂಡು, ತನ್ನ ತಾಯಿಯೂ ಕೊನೆಗಾಲದಲ್ಲಿ ಹೀಗೆಯೇ ಅನ್ನುತ್ತಿದ್ದಳು, ತಾವೆಲ್ಲ ಅವಳನ್ನು ಗದರಿಸುತ್ತಿದ್ದೆವು ಎಂದಳು. ಈಗ ಅಜ್ಜ ಬಾಲ್ಕನಿಯಿಂದ ದೂರು ಹೇಳಿದರೆ ಆಜಿ, "ಬರ್ತದೆ ಬಾಬಾ, ಅಡಿಗೆ ಆಗ್ತಾ ಇದೆ" ಎಂದು ಮರಾಠಿಯಲ್ಲಿ ಸಮಾಧಾನ ಮಾಡುತ್ತಾಳೆ, ಮತ್ತು ಸಂಜೆ ನಮಗೆ ವರದಿ ಒಪ್ಪಿಸುತ್ತಾಳೆ.

ಅಜ್ಜ ಗುಣವಾಗಲಿಲ್ಲ, ಆಗುವ ಕಾಯಿಲೆಯೂ ಇದಲ್ಲ. ಮುಂದೆ ಒಂದು ದಿನ ಹಸಿವೇ ಇಲ್ಲದಂತಾಗಿ, ತುತ್ತು ನುಂಗಿಸುವುದೇ ಕಷ್ಟವಾಗಬಹುದೆಂದು ಡಾಕ್ಟರು ಎಚ್ಚರಿಸಿದ್ದಾರೆ. ಆದ್ದರಿಂದ ಅವರು "ಹಸಿವ್ಯಾಗೇದ" ಎಂದಾಗ ಈಗ ನಮಗೆ ಸಿಟ್ಟು ಬರುವುದಿಲ್ಲ. ಒಂದು ಬಗೆಯ ಸಮಾಧಾನವೇ ಆಗುತ್ತದೆ. ಇವತ್ತು ರಾತ್ರಿ ಬಾಗಿಲು ತೆಗೆದು ಒಳಗೆ ಬಂದಾಗ ಅಜ್ಜ ಕುರ್ಚಿಯಲ್ಲಿ ಕೂತಿದ್ದರು. ನಾವು ಚಪ್ಪಲಿ ಬಿಡುವುದರೊಳಗೆ ಕೇಳಿದರು: "ದಣಿದು ಬಂದೀರಿ. ನಿಮ್ಮದು ಊಟ ಆತೇನು?"

ಇಲ್ಲ ಅಜ್ಜ ಎಂದೆವು. "ಹಂಗಾದ್ರ ನನ್ನ ಜೋಡಿನ ಕೂಡ್ರಿ" ಎಂದರು. ಅವರದು ಏಳು ಗಂಟೆಗೇ ಆಗಿತ್ತೆಂದು ಬಾಯಿ ಹೇಳಿ ಹೋಗಿದ್ದಳು. ನಾವು ನಾಲ್ಕು ತಾಟಿನ ಜೊತೆಗೆ ಐದನೆಯ ಸಣ್ಣ ತಾಟನ್ನೂ ಹಾಕಿದೆವು.